ನಡುದಾರಿಯ ನಾಲ್ಕು ಸೆಕೆಂಡು

ಚಿಯಾತುರಾದಲ್ಲಿ ಮಟ್ಟಸವಾದ ನೆಲವೆಂದರೆ
ಹೊಳೆಯ ಮೈಯೊಂದೇ. ಅದೂ ಮ್ಯಾಂಗನೀಸ್ ತೊಳೆದು
ತೊಳೆದು, ಬಾಣಲೆಯ ತಳದ ಬಣ್ಣಕ್ಕೆ ತಿರುಗಿತ್ತು.
ಉಳಿದದ್ದೆಲ್ಲ ಗೋಡೆ. ಗೋಡೆಯ ತಲೆಯ ಮೇಲೆ ಗಣಿ,
ಗಣಿಗೂ ಊರಿಗೂ ನಡುವೆ ನನ್ನ ಹಗ್ಗ.

ನನ್ನದು ಅಂದೆ, ಸರಕಾರದ್ದು.
ನಾನು ಗೋದೆರ್ದ್ಜಿ, ಕೆಳನಿಲ್ದಾಣದ ಯಂತ್ರದವ.
ಮೂವತ್ತೊಂದು ವರ್ಷ ಒಂದೇ ಹಿಡಿಕೆ;
ಅಂಗೈಯ ಗೆರೆ ಅದರ ಮೈಮೇಲೂ ಮೂಡಿದೆ,
ಕಣಿ ಹೇಳುವವಳು ಅದನ್ನೇ ನೋಡಿದರೂ ಸಾಕು.

ಕಾಗದದಲ್ಲಿ ಕೇಬಲ್ ಕಾರು, ನಮ್ಮ ಬಾಯಲ್ಲಿ ಡಬ್ಬಿ.
ರಾಟೆಗೆ ಬಿಗಿದ ಜೋಡಿ ಕೊಡಗಳ ಹಾಗೆ
ನೀಲಿ ಏರಿದರೆ ಕೆಂಪು ಇಳಿಯಲೇಬೇಕು.
ನೀಲಿಯಲ್ಲಿ ಲಾಮಾರಾ, ಕೆಂಪಿನಲ್ಲಿ ತ್ಸಿಯಾಲಾ:
ಬಾಗಿಲು ಹಾಕುವುದು, ಗಂಟೆ ಒತ್ತುವುದು,
ಕುಡಿದು ಬಂದವನ ಕಾಲರು ಹಿಡಿದು ಕೂರಿಸುವುದು.
ಒಬ್ಬಳು ಕೆಳಗಿರುವಾಗ ಇನ್ನೊಬ್ಬಳು ಮೇಲೆ.
ಸೇರಿ ಚಹಾ ಕುಡಿಯಲೆಂದು ಯಾರೂ ಹಗ್ಗ ಕಟ್ಟಿರಲಿಲ್ಲ.

ಭೇಟಿಯೆಂದರೆ ನಡುದಾರಿಯಲ್ಲಿ, ನಾಲ್ಕು ಸೆಕೆಂಡು.
ಅಷ್ಟರಲ್ಲಿ ಏನು ಆಡಬಹುದು? ಎಲ್ಲ ಆಡಿದರು.
ಒಂದು ಸಲಕ್ಕೆ ಒಂದು ಮಾತು.
ಅಕ್ರೋಟಿನ ಚಟ್ನಿ ಅರೆಯುವ ಬಗೆ
ಹನ್ನೊಂದು ಸುತ್ತಿಗೆ ಮುಗಿಯಿತು;
ಬೆಳ್ಳುಳ್ಳಿ ಎಷ್ಟೆಸಳು ಎಂಬ ತಕರಾರು
ಚಳಿಗಾಲ ಪೂರ್ತಿ ಎಳೆಯಿತು.
ತ್ಸಿಯಾಲಾಳ ಮಗಳು ಓಡಿಹೋದ ಸುದ್ದಿ
ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ಐದಕ್ಕೆ
ಅಳಿಯ ಒಳ್ಳೆಯವನೇ ಎಂಬಲ್ಲಿಗೆ ಬಂದು ನಿಂತಿತು.
ನಡುವೆ ಪ್ರಯಾಣಿಕರು ತುಂಡುತುಂಡು ಕೇಳಿ
ಊರೆಲ್ಲ ಬೇರೆ ಬೇರೆ ಅಳಿಯಂದಿರನ್ನು ಹಬ್ಬಿಸಿದರು.

ಹೇಳಬಾರದ್ದೊಂದು ಹೇಳುತ್ತೇನೆ, ಈಗ ಪಿಂಚಣಿ ಬರುತ್ತಿದೆ:
ಲೆಕ್ಕದ ಪ್ರಕಾರ ಅದು ಮೂರೇ ಸೆಕೆಂಡು.
ನಾಲ್ಕನೆಯದು ನನ್ನ ಹೆಬ್ಬೆರಳು.

ಕರೆಂಟಿಗೂ ಬರ ಬಂದ ವರ್ಷ, ಜನವರಿಯ ರಾತ್ರಿ,
ಕಡೆಯ ಪಾಳಿ ಇಳಿಯುವಾಗ ಹಗ್ಗ ಉಸಿರು ಬಿಟ್ಟಿತು.
ನಿಂತದ್ದು ಎಲ್ಲಿ? ಸರಿಯಾಗಿ ಅಲ್ಲೇ, ಅಕ್ಕಪಕ್ಕ,
ಮಾರು ದೂರ. ಕೆಳಗೆ ಅಡಿ ಕಾಣದ ಕತ್ತಲೆ.
ಕೈಯಿಂದ ಚಕ್ರ ತಿರುಗಿಸಲು ಆರು ಜನ ಬೇಕು,
ಸಿಕ್ಕವರು ಇಬ್ಬರು, ಒಬ್ಬ ನಾನು.
ಐದು ಗಂಟೆ. ನಾನು ಅಂದುಕೊಂಡೆ,
ಹಾಳಾಗಲಿ, ಇವತ್ತಾದರೂ ಮನಸಾರೆ ಮಾತಾಡಿಕೊಳ್ಳಲಿ.
ಆಮೇಲೆ ಗಣಿಯವರು ಹೇಳಿದರು:
ಇಬ್ಬರೂ ಒಂದೊಂದು ಮಾತು ಆಡಿ
ಉಳಿದದ್ದನ್ನು ಮುಂದಿನ ಸುತ್ತಿಗೆ ಇಟ್ಟುಕೊಂಡರಂತೆ.
ಸುತ್ತು ಬರಲಿಲ್ಲ. ಕಿಟಕಿಯಿಂದ ಕಿಟಕಿಗೆ
ಸಲಿಕೆಯ ಮೇಲೆ ಅರ್ಧ ರೊಟ್ಟಿ ದಾಟಿತು.
ಖಾಲಿ ಸಲಿಕೆ ವಾಪಸು ಬಂತು.

ತ್ಸಿಯಾಲಾ ಹೋದದ್ದು ಮಾರ್ಚಿನಲ್ಲಿ, ಎದೆಯ ಧೂಳಿನಿಂದ.
ಹೂಳುವ ಜಾಗ ಮೇಲೆ. ಕೆಂಪು ಡಬ್ಬಿ ಗಿಡ್ಡ,
ಶವಪೆಟ್ಟಿಗೆ ಮಲಗಲಿಲ್ಲ; ನಿಲ್ಲಿಸಿಯೇ ಒಯ್ದರು,
ದಿನವೂ ನಿಲ್ಲುತ್ತಿದ್ದ ಮೂಲೆಯಲ್ಲೇ, ಬಾಗಿಲ ಬದಿಗೆ.
ನೀಲಿ ಮೇಲಿಂದ ಬಿಟ್ಟಿತು, ಲಾಮಾರಾ ಒಬ್ಬಳೇ.
ನಡುದಾರಿಯಲ್ಲಿ ನಾನು ಹಿಡಿಕೆಯನ್ನು ಪೂರ್ತಿ ಎಳೆದೆ.
ಎಷ್ಟು ಹೊತ್ತು? ಗಡಿಯಾರ ನೋಡಲಿಲ್ಲ.
ವೋಲ್ಟೇಜು ಬಿತ್ತೆಂದು ಪುಸ್ತಕದಲ್ಲಿ ಬರೆದೆ.
ಲಾಮಾರಾ ಇಳಿದಾಗ ಕೇಳಿದೆ, ಏನಂದೆ?
'ಎಷ್ಟೆಸಳು ಬೇಕೋ ಅಷ್ಟು ಹಾಕಿಕೋ ಅಂದೆ,
ಕೇಳಿಸಿತೋ ಇಲ್ಲವೋ, ಗಾಳಿ ಜೋರಿತ್ತು.'

ಈಗ ಗಾಜಿನ ಡಬ್ಬಿಗಳು, ಹೊರದೇಶದವು.
ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಕಿಟಕಿ ತೆರೆಯುವುದಿಲ್ಲ.
ಮಂಗಳವಾರ ನಾವಿಬ್ಬರೂ ಔಷಧಿಗೆ ಇಳಿಯುತ್ತೇವೆ.
ನಡುದಾರಿ ಬಂದಾಗ ಲಾಮಾರಾ ಮಾತು ನಿಲ್ಲಿಸಿ
ಗಾಜಿನ ಕಡೆ ತಿರುಗುತ್ತಾಳೆ.
ಎದುರಿನ ಡಬ್ಬಿ ಸರ್ರನೆ ಹೋಗುತ್ತದೆ;
ಯಾರೋ ಹುಡುಗ, ಕಿವಿಯಲ್ಲಿ ವೈರು.
ಎಣಿಸುತ್ತೇನೆ: ಎರಡು ಸೆಕೆಂಡೂ ಇಲ್ಲ.
ಜೇಬಿನೊಳಗೆ ನನ್ನ ಹೆಬ್ಬೆರಳು
ಏನನ್ನೋ ಒತ್ತುತ್ತಿರುತ್ತದೆ.